ಕರಡಿಗೆಯಷ್ಟು ಜಾಗ

ನನ್ನ ಎದೆಯ ನಡುವೆ ಜಾಗ ಇರಲಿಲ್ಲ. ಹೆಂಗಸರಿಗೆ ಎರಡು ಮೊಲೆಗಳ ನಡುವೆ, ಎದೆಮೂಳೆಯ ಮೇಲೆ, ಒಂದಿಷ್ಟು ತಗ್ಗು ಇರುತ್ತದೆ. ನನಗೆ ಆ ತಗ್ಗಿನಲ್ಲೂ ಮಾಂಸ ತುಂಬಿಕೊಂಡು ಎರಡೂ ಒಂದಕ್ಕೊಂದು ಸೇರಿಹೋಗಿದ್ದವು. ಹುಟ್ಟಿನಿಂದ ಬಂದದ್ದು, ಮೈನೆರೆದ ಮೇಲೆ ಕಾಣಿಸಿಕೊಂಡಿತು. ಇಂಥದ್ದನ್ನೆಲ್ಲ ಬರೆಯಬಾರದು ಎಂದು ನಮ್ಮ ಅತ್ತೆ ಹೇಳಿದ್ದಾರೆ. ಆಪರೇಷನ್ ಕೋಣೆಯಲ್ಲಿ ಗುರುತಿಲ್ಲದ ಅಷ್ಟೊಂದು ಜನ ನೋಡಿಯಾದ ಮೇಲೆ ಮುಚ್ಚಿಡಲು ನನ್ನಲ್ಲಿ ಹೆಚ್ಚೇನೂ ಉಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾವು ಲಿಂಗ ಕಟ್ಟಿಕೊಳ್ಳುವವರು. ಚಿಕ್ಕಂದಿನಲ್ಲಿ ಗುರುಗಳು ಅಂಗೈಗೆ ಕೊಟ್ಟ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರ ಹಾಕಿ ಕೊರಳಿಗೆ ಕಟ್ಟಿದರೆ ಅದು ಎದೆಯ ಮೇಲಿರುತ್ತದೆ. ಸ್ನಾನಕ್ಕಾಗಲಿ ನಿದ್ದೆಗಾಗಲಿ ತೆಗೆಯುವುದಿಲ್ಲ. ಪೂಜೆಯ ಹೊತ್ತಿನಲ್ಲಿ ಮಾತ್ರ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದು.

ನನ್ನ ತವರು ಕೊರಟಗೆರೆ ತಾಲ್ಲೂಕಿನಲ್ಲಿ, ಕೊಳಾಲದ ಹತ್ತಿರ. ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಸೋಮವಾರ ಅಜ್ಜಿ ನನಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವರು ಚೊಂಬನ್ನು ಹಾಗೇ ಹಿಡಿದು ನಿಂತರು. ಆಮೇಲೆ ಅಮ್ಮನನ್ನು ಕೂಗಿದರು.

"ಬಾರೇ ಇಲ್ಲಿ, ನೋಡು. ಲಿಂಗ ಹೆಂಗೆ ಕುಂತೈತೆ ನೋಡು. ಅಲ್ಲಾಡಾಕಿಲ್ಲ."

"ಸುಮ್ಕಿರವ್ವ, ಹುಡ್ಗಿ ನಾಚ್ಕೊಳ್ತಾಳೆ," ಅಂದರು ಅಮ್ಮ.

"ನಾಚ್ಕೊಳಾದೇನು ಬಂತು? ಶಿವ ಪೀಠ ಮಾಡಿ ಕಳ್ಸವ್ನೆ. ನಿಂಗೈತಾ? ನಂಗೈತಾ?"

ಇಬ್ಬರಿಗೂ ಇರಲಿಲ್ಲ. ಅಲ್ಲಿಗೆ ವಿಷಯ ತೀರ್ಮಾನವಾಯಿತು. ಮನೆಗೆ ಬಂದ ನೆಂಟರ ಹೆಂಗಸರಿಗೆಲ್ಲ ಅಜ್ಜಿ ಅದನ್ನು ಹೇಳಿದರು. ಇಬ್ಬರು ನೋಡಿ ಕೈ ಮುಗಿದರು. ನಿನ್ನ ಮೈಯಲ್ಲಿ ಪೀಠ ಇದೆ ಎಂದು ಒಮ್ಮೆ ಹೇಳಿಸಿಕೊಂಡ ಹುಡುಗಿ, ರವಿಕೆ ಬಿಗಿಯಾಗುತ್ತದೆ, ಬೆವರಿಗೆ ಕೆರೆತ ಬರುತ್ತದೆ ಎಂದೆಲ್ಲ ದೂರುವುದು ಹೇಗೆ? ನಾನು ದೂರಲಿಲ್ಲ. ಸ್ನಾನವಾದ ಮೇಲೆ ಅಲ್ಲಿಗೂ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ.

ಮದುವೆಯಾಗಿ ಮಧುಗಿರಿಗೆ ಬಂದೆ. ಮನೆಯವರದು ಹಾರ್ಡ್‌ವೇರ್ ಅಂಗಡಿ. ಅವರು ಮೋಟಾರು, ಪೈಪು, ನಲ್ಲಿಗಳ ವಿಷಯ ಬಿಟ್ಟರೆ ಬೇರೆ ಯಾವುದರ ಆಕಾರದ ಬಗ್ಗೆಯೂ ಅಭಿಪ್ರಾಯ ಹೇಳುವವರಲ್ಲ. ಅದೂ ಒಂದು ದಯೆಯೇ. ಅಳತೆ ತೆಗೆದುಕೊಂಡ ರವಿಕೆ ಹೊಲಿಯುವಾಕೆ ಮಾತ್ರ ಟೇಪು ಇಳಿಬಿಟ್ಟು, "ಇದೇನಕ್ಕ, ನಿಮ್ದು ಒಂದೇ ಒಂದಾ?" ಅಂದಳು. ಪೀಠದ ವಿಷಯ ಹೇಳಿದೆ. "ದೇವ್ರಿಗೆ ಸರಿ ಕಣಕ್ಕ, ಕತ್ತರಿಗೆ ಸರಿಹೋಗಲ್ಲ," ಅಂದಳು. ಆದರೂ ಹೊಲಿದು ಕೊಟ್ಟಳು.

ನಲವತ್ತು ದಾಟಿ ಮೈ ಬಂದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಮಧುಗಿರಿಯ ಬೇಸಿಗೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಗಲೆಲ್ಲ ಕಾದ ಬೆಟ್ಟದ ಬಂಡೆ ಸಂಜೆ ಊರಿನ ಮೇಲೆ ಬಿಸಿ ಬಿಡುತ್ತದೆ. ಬೆವರು ನಿಂತು ಕರಡಿಗೆಯ ಅಡಿಯ ಚರ್ಮ ಮೆತ್ತಗಾಗಿ, ಕೆಂಪಾಗಿ, ಕೊನೆಗೆ ಹುಣ್ಣಾಯಿತು. ಪೌಡರು ಹಾಕಿದೆ, ಮುಲಾಮು ಹಚ್ಚಿದೆ, ಹತ್ತಿ ಇಟ್ಟೆ. ಮಳೆಗಾಲದಲ್ಲಿ ಮಾಯ್ದು ಶಿವರಾತ್ರಿ ಕಳೆಯುತ್ತಲೇ ಮತ್ತೆ ಬರುತ್ತಿತ್ತು. ಒಂದು ಬೆಳಿಗ್ಗೆ ಪೂಜೆಗೆಂದು ಕರಡಿಗೆ ಎತ್ತಿದರೆ ಅದು ಚರ್ಮಕ್ಕೆ ಅಂಟಿಕೊಂಡಿತ್ತು. ಬಿಡಿಸಿದಾಗ ಬೆಳ್ಳಿಯ ಮೇಲೆ ರಕ್ತ. ತೊಳೆದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ವಿಭೂತಿಯ ವಾಸನೆಯ ಬದಲು ಮುಲಾಮಿನ ವಾಸನೆ. ಆವತ್ತು ಪೂಜೆ ಮಾಡಿದೆನೋ, ಔಷಧಿ ಹಚ್ಚಿದೆನೋ ನನಗೇ ತಿಳಿಯಲಿಲ್ಲ.

ಶಿರಾದಲ್ಲಿ ಒಬ್ಬರು ವಯಸ್ಸಾದ ಚರ್ಮದ ಡಾಕ್ಟರ್ ಇದ್ದಾರೆ, ಒಳ್ಳೆಯ ಕೈಗುಣ ಎಂದು ಯಾರೋ ಹೇಳಿದರು. ಅಲ್ಲಿಗೆ ಒಬ್ಬಳೇ ಹೋದೆ. ಅವರು ಉರ್ದು ಮಾತಾಡುವವರು. ಲೈಟು ಹಿಡಿದು ನೋಡಿ, "ಅಮ್ಮಾ, ಮೊದ್ಲು ಈ ತಾವೀಜ್ ತೆಗ್ದಿಡಿ," ಅಂದರು.

"ಇದು ತಾಯಿತ ಅಲ್ಲ ಸ್ವಾಮಿ, ದೇವರು."

"ಮಾಫ್ ಮಾಡಿ ಅಮ್ಮಾ. ದೇವರಿಗೇ ಒಂದೆರಡು ತಿಂಗ್ಳು ರಜಾ ಕೊಡಿ."

"ಕೊಡೋಕಾಗಲ್ಲ."

ಅವರು ಒತ್ತಾಯ ಮಾಡಲಿಲ್ಲ. ಎದೆಯ ನಡುವೆ ಬೆರಳಿಟ್ಟು ಒತ್ತಿ, ತಪ್ಪು ಡಬ್ಬಿಯದಲ್ಲ, ಮಾಂಸದ್ದು ಎಂದರು. ಚೀಟಿ ಬರೆಯುತ್ತಾ ಅದರ ಹೆಸರನ್ನೂ ಹೇಳಿದರು. ನನಗೆ ಕೇಳಿಸಿದ್ದು ‘ಸಿಮ್ಮಾಸನ’ ಎಂದು.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅಜ್ಜಿ ಪೀಠ ಅಂದಿದ್ದರು, ಓದಿದವರು ಸಿಂಹಾಸನ ಅನ್ನುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಉರ್ದು ಮನೆಮಾತಿನವರ ಬಾಯಲ್ಲೂ ಶಿವ ನುಡಿಸಿದನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಮಾಧಾನವಾಗಿ ಕೂತಿದ್ದೆ. ಮನೆಗೆ ಬಂದು ಅತ್ತೆಗೆ ಹೇಳಿದೆ.

"ಡಾಕ್ಟ್ರೂ ಸಿಮ್ಮಾಸನ ಅಂದ್ರು ಅತ್ತೆ."

"ಸಾಬರ ಡಾಕ್ಟ್ರು?"

"ಹೂಂ."

"ಅವ್ರಿಗೂ ಗೊತ್ತಾಯ್ತಲ್ಲ, ಬುಡು," ಅಂದರು ಅತ್ತೆ, ತೃಪ್ತಿಯಿಂದ.

ರಾತ್ರಿ ಊಟಕ್ಕೆ ಬಂದ ಮನೆಯವರು ಚೀಟಿ ತೆಗೆದುಕೊಂಡು, ಮೋಟಾರಿನ ಮೇಲಿನ ನಂಬರು ಓದುವಂತೆ ದೂರ ಹಿಡಿದು ಓದಿದರು.

"ಲೇ, ಸಿಮ್ಮಾಸನ ಅಲ್ಲ ಕಣೆ. ಸಿಮ್ಮಾಸ್ಟಿಯಾ. ಕಾಯಿಲೆ ಹೆಸ್ರು."

"ಕಾಯಿಲೆನಾ?" ಅಂದರು ಅತ್ತೆ.

"ಕಾಯಿಲೆ ಅಂದ್ರೆ ಕಾಯಿಲೆ ಅಲ್ಲ. ಹುಟ್ಟಿದಾಗ್ಲಿಂದ ಬಂದಿರೋದು. ತುಮಕೂರಲ್ಲಿ ಪ್ಲಾಸ್ಟಿಕ್ ಸರ್ಜರಿಯೋರ್ಗೆ ತೋರ್ಸಿ ಅಂತ ಬರ್ದವ್ರೆ."

ಪ್ಲಾಸ್ಟಿಕ್ ಎಂದ ಕೂಡಲೇ ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಅಷ್ಟು ವರ್ಷ ವಿಭೂತಿ ಹಚ್ಚಿದ್ದು ಒಂದು ಇಂಗ್ಲಿಷ್ ಹೆಸರಿಗೆ ಎಂದು ಗೊತ್ತಾದದ್ದು ಹೀಗೆ. ಅಜ್ಜಿ ಆಗ ಇರಲಿಲ್ಲ, ಅದೂ ಒಳ್ಳೆಯದೇ ಆಯಿತು.

ತುಮಕೂರಿಗೆ ಹೋಗುವ ಮೊದಲು ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದೆ. ದಾರ ಉದ್ದ ಮಾಡಿದರೆ ಕರಡಿಗೆ ಹೊಟ್ಟೆಗಿಳಿಯುತ್ತಿತ್ತು. ಬಗ್ಗಿದರೆ ಹೊಕ್ಕುಳ ದಾಟಿಬಿಡುತ್ತದೆ, ಹಾಗಾಗಬಾರದು. ಗಿಡ್ಡ ಮಾಡಿದರೆ ಮಾತಾಡಿದಾಗಲೆಲ್ಲ ಗಂಟಲಿಗೆ ಬಡಿಯುತ್ತಿತ್ತು. "ಇದೇ ಇರ್ಲಿ," ಎಂದರು ಮನೆಯವರು. ಪಕ್ಕಕ್ಕೆ ಸರಿಸಿ ಪಿನ್ನು ಹಾಕಿದರೆ ಕಂಕುಳಿಗೆ ಚುಚ್ಚುತ್ತಿತ್ತು. ಕೊನೆಗೆ ಉಳಿದದ್ದು ಎರಡೇ: ಲಿಂಗವನ್ನು ಎದೆಯಿಂದ ತೆಗೆಯುವುದು, ಇಲ್ಲವೇ ಎದೆಯನ್ನು ಸರಿಮಾಡಿಸುವುದು.

ತುಮಕೂರಿನ ಸರ್ಜನ್ ಹೆಂಗಸು. ಅದಕ್ಕಾಗಿ ಅಲ್ಲೇ ಒಮ್ಮೆ ಕಣ್ಣು ಮುಚ್ಚಿ ನಮಸ್ಕಾರ ಮಾಡಿದೆ. ಅವರು ಪರೀಕ್ಷೆ ಮಾಡುವಾಗ ಮನೆಯವರು ಪರದೆಯ ಆಚೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು.

"ಯಾಕೆ ಮಾಡಿಸ್ಕೋಬೇಕು ಅನಿಸ್ತಿದೆ?" ಎಂದು ಕೇಳಿದರು ಡಾಕ್ಟರ್. "ನೋಡೋಕೆ ಚೆನ್ನಾಗಿ ಕಾಣ್ಲಿ ಅಂತಾನಾ? ಹಾಗಿದ್ರೂ ತಪ್ಪೇನಿಲ್ಲ, ಹೇಳಿ."

"ನೋಡೋರು ಯಾರೂ ಇಲ್ಲ ಮೇಡಂ. ಇದನ್ನ ಇಟ್ಕೊಳ್ಳೋಕೆ ಜಾಗ ಬೇಕು," ಎಂದು ಕರಡಿಗೆ ತೋರಿಸಿದೆ.

ಅವರು ನಗಲಿಲ್ಲ. ಅದು ಎರಡನೆಯ ದಯೆ. ಬಟ್ಟೆ ಹಾಕಿಕೊಂಡು ಬಂದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು, ಒಂದು ಹಾಳೆಯ ಮೇಲೆ ಎದೆಯ ಚಿತ್ರ ಬರೆದು ಹೇಳಿದರು. ಏನೂ ಮಾಡಿಸದೆಯೂ ಇರಬಹುದು, ಪ್ರಾಣಕ್ಕೇನೂ ಅಪಾಯವಿಲ್ಲ. ತೂಕ ಇಳಿಸಿ, ಜಾಗ ಒಣಗಿರುವಂತೆ ನೋಡಿಕೊಂಡರೆ ಹುಣ್ಣು ಕಡಿಮೆಯಾಗುತ್ತದೆ, ಆದರೆ ಆ ಸೇರುವೆ ಹೋಗುವುದಿಲ್ಲ. ಮಾಡಿಸುವುದಾದರೆ, ಸಣ್ಣ ತೂತು ಮಾಡಿ ನಳಿಕೆ ಹಾಕಿ ನಡುವಿನ ಕೊಬ್ಬು ಹೀರಿ ತೆಗೆಯುವುದು ಸುಲಭದ ದಾರಿ. ಗಾಯ ಕಾಣುವುದಿಲ್ಲ. ಆದರೆ ಮೇಲಿನ ಚರ್ಮ ಸಡಿಲವಾಗಿ ಹಾಗೇ ಉಳಿಯುತ್ತದೆ, ಮೂಳೆಗೆ ಕಚ್ಚಿಕೊಳ್ಳದಿದ್ದರೆ ಡೇರೆಯ ಹಾಗೆ ಮತ್ತೆ ಎದ್ದು ನಿಲ್ಲುತ್ತದೆ. ಇನ್ನೊಂದು, ನಡುವೆಯೇ ಕೊಯ್ದು ಹೆಚ್ಚಾದ ಚರ್ಮವನ್ನೂ ಮಾಂಸವನ್ನೂ ತೆಗೆದು ಹೊಲಿಯುವುದು. ನೇರವಾದ ಕೆಲಸ. ಆದರೆ ಎದೆಯ ನಡುಭಾಗದ ಚರ್ಮಕ್ಕೆ ಗಾಯ ಒಗ್ಗುವುದಿಲ್ಲವಂತೆ, ಮಾಯ್ದ ಮೇಲೂ ಹಗ್ಗದ ಹಾಗೆ ದಪ್ಪಗೆ ಉಬ್ಬಿಕೊಳ್ಳಬಹುದಂತೆ.

"ಅದರ ಮೇಲೇ ನಿಮ್ಮ ಲಿಂಗ ಉಜ್ಜುತ್ತೆ. ಅದನ್ನ ಮಾಡಿಸ್ಕೊಳ್ಳಿ ಅಂತ ನಿಮಗೆ ನಾನು ಹೇಳಲ್ಲ," ಅಂದರು. ಮತ್ತೆ ಪೆನ್ನನ್ನು ಚಿತ್ರದ ಅಡಿಗೆ ಇಳಿಸಿದರು. "ಮೂರನೇದು, ಮೊಲೆ ಕೆಳಗಿನ ಮಡಿಕೆಯಿಂದ ಒಳಗೆ ಹೋಗೋದು. ಕೊಬ್ಬು ತೆಗೆದು, ಎರಡೂ ಕಡೆ ಭಾರ ಸ್ವಲ್ಪ ಕಡಿಮೆ ಮಾಡಿ ಪಕ್ಕಕ್ಕೆ ಎಳೆದು, ನಡುವಿನ ಚರ್ಮವನ್ನ ಒಳಗಿಂದಲೇ ಎದೆಮೂಳೆಗೆ ಹೊಲೀತೀವಿ. ಗಾಯ ಮಡಿಕೆಯಲ್ಲಿ ಅಡಗಿರುತ್ತೆ."

ಶಿರಾದಲ್ಲಿ ಹಾಸಿಗೆ ಹೊಲಿಯುವವರು ಹತ್ತಿ ತುಂಬಿದ ಮೇಲೆ ನಡುನಡುವೆ ದಬ್ಬಳ ಹಾಕಿ, ಮೇಲಿನಿಂದ ಕೆಳಗೆ ಎಳೆದು ಟಾಕು ಹಾಕುತ್ತಾರೆ. ಟಾಕು ಬಿದ್ದ ಕಡೆ ತಗ್ಗಾಗುತ್ತದೆ, ಹತ್ತಿ ಅಲ್ಲಿಗೆ ಬಂದು ಸೇರುವುದಿಲ್ಲ.

"ಹಾಸಿಗೆಗೆ ಟಾಕು ಹಾಕ್ದಂಗಾ ಮೇಡಂ?"

"ಹಾಗೇ ಅಂದ್ಕೊಳ್ಳಿ. ಟಾಕು ಬಿಚ್ಕೊಳ್ಳಲೂಬಹುದು, ಅದನ್ನೂ ಹೇಳಿಬಿಡ್ತೀನಿ. ಸ್ವಲ್ಪ ಭಾಗ ಮತ್ತೆ ಏಳೋದು ಈ ಆಪರೇಷನ್‌ನಲ್ಲಿ ಅಪರೂಪವೇನಲ್ಲ."

ಅಲ್ಲಿಯವರೆಗೆ ಸುಮ್ಮನಿದ್ದ ಮನೆಯವರು ಬಾಯಿ ಬಿಟ್ಟರು. "ಗ್ಯಾರಂಟಿ ಎಷ್ಟ್ ವರ್ಷ ಮೇಡಂ?"

"ಇದು ಮೋಟಾರಲ್ಲ ಸರ್."

"ಮೋಟಾರಾದ್ರೆ ನಾವು ಬರ್ದು ಕೊಡ್ತೀವಿ," ಅಂದರು ಮನೆಯವರು, ಬೇಸರದಿಂದೇನಲ್ಲ, ವಿಷಯ ತಿಳಿಸಲೆಂದು.

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ. "ಮಗಳ್ನ ಮದ್ವೆ ಮಾಡೋ ವಯಸ್ನಲ್ಲಿ ಎದೆ ಚೆಂದ ಮಾಡಿಸ್ಕೊಂಡ್ಳು ಅಂತಾರೆ. ಯಾರ್ಗೆ ತೋರ್ಸ್ಬೇಕು ನೀನು?" ಎಂದರು. ಯಾರಿಗೂ ಅಲ್ಲ ಎಂದರೆ, ಹಾಗಿದ್ದರೆ ಯಾಕೆ ಎಂದರು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಕೊಯ್ಯುವಾಗ ಲಿಂಗ ಎಲ್ಲಿರಬೇಕು? ಮೈಬಿಟ್ಟು ಲಿಂಗ ಹೋದರೆ ಇದ್ದೂ ಸತ್ತ ಹಾಗೆ ಎಂದು ನಂಬಿಕೊಂಡು ಬಂದವರು ನಾವು. ಮನೆಗೆ ಬರುವ ಜಂಗಮ ಅಯ್ಯನವರನ್ನು ಕರೆಸಿದೆವು. ಅವರು ಕಾಲು ತೊಳೆದು, ಕೂತು, ಹಾಲು ಕುಡಿದು, ಎಲ್ಲ ಕೇಳಿಸಿಕೊಂಡರು.

"ಲಿಂಗಕ್ಕೆ ಎದೆಯೊಂದೇ ಜಾಗ ಅಂತ ಯಾರವ್ವ ಹೇಳ್ದೋರು? ತಲೆ ಮ್ಯಾಲೆ ಕಟ್ಕಬೌದು, ತೋಳಾಗೆ ಕಟ್ಕಬೌದು. ಹೊಕ್ಕಳದಿಂದ ಕೆಳಕ್ಕೆ ಇಳೀಬಾರ್ದು, ಅಷ್ಟೆಯ."

ಅತ್ತೆ ಬಿಡಲಿಲ್ಲ. "ಅಂಗಾದ್ರೆ ತಲೆ ಮ್ಯಾಲೇ ಕಟ್ಕೊಂಡಿರ್ಲಿ ಅಯ್ನೋರೆ. ಕುಯ್ಸಾದ್ಯಾಕೆ?"

ಮಾತು ಸರಿಯಾಗಿಯೇ ಇತ್ತು. ಅಯ್ಯನವರು ನನ್ನ ಕಡೆ ತಿರುಗಿದರು. "ನೀನೇನಂತೀಯವ್ವ?"

ಅವರೆದುರು ನಾನು ಹೆಚ್ಚು ಮಾತಾಡಿದವಳಲ್ಲ. ಆವತ್ತು ಹೇಳಿದೆ. "ಅಯ್ನೋರೆ, ಫೋನ್ ಬಂದ್ರೆ, ಮಕ್ಳು ಬರೋದು ತಡ ಆದ್ರೆ, ಕುಕ್ಕರ್ ಜೋರಾಗಿ ಕೂಗಿದ್ರೂ ಸೈತ, ನನ್ ಕೈ ಎದೆಗೇ ಹೋಗೋದು. ಚಿಕ್ಕೋಳಿದ್ದಾಗ್ಲಿಂದ ಅಂಗೇ. ತಲೆ ಮ್ಯಾಲೆ ಕೈ ಇಟ್ಕೊಂಡು ನಿಂತ್ರೆ ನೋಡಿದೋರು ಏನೋ ಆಗಬಾರದ್ದು ಆಯ್ತು ಅಂತ ಓಡ್ಬತ್ತಾರೆ."

ಅಯ್ಯನವರು ನಕ್ಕುಬಿಟ್ಟರು. "ಕುಯ್ಸವ್ವ," ಎಂದರು. ಅತ್ತೆ ಅಯ್ಯನವರ ಮಾತು ಮೀರುವವರಲ್ಲ, ಆದರೆ ಆ ವಾರವೆಲ್ಲ ನನಗೆ ಬಡಿಸುವಾಗ ಸೌಟಿನಿಂದ ಮಾತಾಡಿದರು.

ಆಪರೇಷನ್‌ಗೆ ಮೊದಲು ಡಾಕ್ಟರ್ ನನ್ನನ್ನು ನೇರವಾಗಿ ನಿಲ್ಲಿಸಿ ಎದೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಎಲ್ಲಿ ಕೊಯ್ಯಬೇಕು, ಎಲ್ಲಿ ಹೊಲಿಯಬೇಕು ಎಂಬುದೆಲ್ಲ ಮಲಗಿದ ಮೇಲೆ ತಿಳಿಯುವುದಿಲ್ಲವಂತೆ, ಮಾಂಸ ಪಕ್ಕಕ್ಕೆ ಸರಿಯುತ್ತದಂತೆ. ಗೆರೆ ಎಳೆಯುತ್ತಾ ನಡುವೆ ಬಂದು ನಿಂತರು.

"ಕರಡಿಗೆ ಎಲ್ಲಿ ಇರಬೇಕೋ ಅಲ್ಲಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಅವರು ಅದರ ಸುತ್ತ ಗುಂಡಗೆ ಗುರುತು ಮಾಡಿ, ಎರಡೂ ಪಕ್ಕಕ್ಕೆ ಬೆರಳಿಟ್ಟು ನೋಡಿದರು.

"ಇಷ್ಟು ಅಗಲ ಸಾಕಾ? ತುಂಬಾ ಅಗಲ ಮಾಡೋಕಾಗಲ್ಲ."

"ಅದು ಕೂತ್ರೆ ಸಾಕು ಮೇಡಂ. ಇನ್ನೇನೂ ಇಡೋದಿಲ್ಲ."

ಬೆಳ್ಳಿ ಒಳಗೆ ಬರಬಾರದು ಎಂದು ಸಿಸ್ಟರ್ ಹೇಳಿದರು. ಲಿಂಗವನ್ನು ಕರಡಿಗೆಯಿಂದ ತೆಗೆದು, ಅವರೇ ಕೊಟ್ಟ ಬಿಳಿ ಬಟ್ಟೆಯಲ್ಲಿ ಸುತ್ತಿ, ನೆತ್ತಿಗೆ ಕಟ್ಟಿಕೊಂಡೆ. ಅದರ ಮೇಲೆ ಹಸಿರು ಟೋಪಿ ಹಾಕಿದರು. ಒಳಗೆ ಎಲ್ಲರೂ ಟೋಪಿ ಹಾಕಿಕೊಂಡಿದ್ದರು, ನನ್ನ ಟೋಪಿಯೊಳಗೆ ಮಾತ್ರ ಶಿವ ಇದ್ದ. ಮತ್ತು ಬರಿಸುವ ಇಂಜೆಕ್ಷನ್ ಕೊಡುವ ಡಾಕ್ಟರ್ ತಲೆ ಮುಟ್ಟಿ, "ಇದೇನಮ್ಮ ಗಂಟು?" ಅಂದರು. ಸಿಸ್ಟರೇ, "ಅವರ ದೇವ್ರು ಸರ್, ಮೇಡಂ ಹೇಳಿದಾರೆ," ಎಂದರು. "ಹಾಗಾದ್ರೆ ತಲೆ ಹುಷಾರಾಗಿ ತಿರುಗಿಸ್ಬೇಕು," ಎಂದು ಅವರು ತಮಗೆ ತಾವೇ ಹೇಳಿಕೊಂಡದ್ದು ಕೇಳಿಸಿತು. ನಾನು ಪಂಚಾಕ್ಷರಿ ಶುರು ಮಾಡಿದೆ, ಮುಗಿಸಿದ ನೆನಪಿಲ್ಲ.

ಎಚ್ಚರವಾದಾಗ ಕೈ ಎದೆಗೆ ಹೋಯಿತು. ಸಿಕ್ಕಿದ್ದು ಬ್ಯಾಂಡೇಜು. ಆಮೇಲೆ ತಲೆಗೆ ಹೋಯಿತು. ಗಂಟು ಇತ್ತು. ಸಿಸ್ಟರ್ ತಲೆನೋವಾ ಎಂದು ಕೇಳಿದರು.

ಪಕ್ಕದ ಮಂಚದಲ್ಲಿ ಪಾವಗಡದ ಒಬ್ಬ ಹೆಂಗಸು ಇದ್ದಳು, ಸುಟ್ಟ ಕೈಗೆ ತೊಡೆಯ ಚರ್ಮ ಹಾಕಿಸಿಕೊಂಡವಳು. ಅರ್ಧ ತೆಲುಗು, ಅರ್ಧ ಕನ್ನಡ.

"ಏಮಕ್ಕಾ, ಎದೇಲಿ ಗಡ್ಡನಾ?"

ನನಗೆ ಇಂಜೆಕ್ಷನ್ನಿನ ಮತ್ತು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಎದೇಲಿ ಯಾಕಮ್ಮ ಗಡ್ಡ? ನಾನು ಹೆಂಗಸು," ಅಂದೆ.

"ಅಯ್ಯೋ ಆ ಗಡ್ಡ ಅಲ್ಲಕ್ಕಾ! ಗಡ್ಡ ಅಂಟೇ ಗಂಟು, ಗಂಟು!" ಎಂದು ನಕ್ಕಳು. ನಗು ನನಗೂ ಬಂತು, ಆದರೆ ಎದೆಮೂಳೆಗೆ ಹೊಲಿದ ಚರ್ಮ ನಗಲು ಬಿಡಲಿಲ್ಲ. "ಗಂಟಲ್ಲ, ಜಾಗ ಮಾಡಿಸ್ಕೊಂಡೆ," ಎಂದೆ. "ಜಾಗ ಅಂದ್ರೆ ಒಳ್ಳೇದೇ ಬಿಡಕ್ಕಾ," ಎಂದಳು. ಸೈಟು ಎಂದುಕೊಂಡಳೋ ಏನೋ.

ಒಳಗೆ ಸೇರುವ ನೀರು ಇಳಿಯಲೆಂದು ಇಟ್ಟಿದ್ದ ನಳಿಕೆ ತೆಗೆದ ಮೇಲೆ ಮನೆಗೆ ಕಳಿಸಿದರು. ಕಷ್ಟದ ಕೆಲಸ ಅಲ್ಲಿಂದ ಶುರು. ಚರ್ಮ ಮೂಳೆಗೆ ಹತ್ತಿಕೊಳ್ಳಲೆಂದು ನಡುವೆ ಸ್ಪಂಜಿನ ದಿಂಡು ಇಟ್ಟು, ಅದನ್ನು ಒತ್ತಿ ಹಿಡಿಯುವ ಬಿಗಿಯಾದ ಒಳಅಂಗಿ ಹಾಕಿದ್ದರು. ಹಗಲೂ ರಾತ್ರಿ ಅದು ಇರಲೇಬೇಕು. ಅಲ್ಲಿ ಬೇರೆ ಏನೂ ಇರಬಾರದು. ಆದ್ದರಿಂದ ಲಿಂಗ ವಾರಗಟ್ಟಲೆ ತಲೆಯ ಮೇಲೆಯೇ ಇತ್ತು, ಸೆರಗಿನ ಅಡಿಯಲ್ಲಿ. ಬಂದವರೆಲ್ಲ ನನ್ನ ತಲೆ ನೋಡಿ, ತಲೆಗೆ ಪೆಟ್ಟಾಯಿತಾ ಎಂದು ಕೇಳಿದರು. ಎದೆಯ ಆಪರೇಷನ್ ಎಂದು ಯಾರೂ ಊಹಿಸಲಿಲ್ಲ. ಅತ್ತೆ ಹೆದರಿದ್ದ ಮಾತು ಊರಿನಲ್ಲಿ ಯಾರ ಬಾಯಿಗೂ ಬರಲಿಲ್ಲ. ಬದಲಿಗೆ ಸೊಸೆ ಬಚ್ಚಲಲ್ಲಿ ಜಾರಿಬಿದ್ದು ತಲೆ ಒಡೆದುಕೊಂಡಳಂತೆ ಎಂದಾಯಿತು. ಅತ್ತೆ ಅದನ್ನು ತಿದ್ದಲಿಲ್ಲ. "ಸ್ವಲ್ಪ ಬಿದ್ದಿದ್ಳು, ಈಗ ಪರ್ವಾಗಿಲ್ಲ," ಎನ್ನುತ್ತಿದ್ದರು.

ಡಾಕ್ಟರ್ ಮೊದಲೇ ಹೇಳಿದಂತೆ ಅಡಿಯಲ್ಲಿ ಒಂದೆರಡು ಟಾಕು ಬಿಚ್ಚಿಕೊಂಡವು. ಹೊಟ್ಟೆಯ ಕಡೆಗೆ ಬೆರಳಿನ ಅಗಲದಷ್ಟು ಮಾಂಸ ಮತ್ತೆ ಎದ್ದಿತು. ಮೇಲಿನದು ಕಚ್ಚಿಕೊಂಡಿತ್ತು. ಮುಂದೆ ಬೇಕಾದರೆ ಆ ಸಣ್ಣದನ್ನೂ ಸರಿಮಾಡಬಹುದು ಎಂದರು ಡಾಕ್ಟರ್. ನಾನು ಕರಡಿಗೆ ಇಟ್ಟು ನೋಡಿದೆ. ಅದರ ಕೆಳಗಿನ ಅಂಚು ಆ ಉಬ್ಬಿಗೆ ತಾಗಿ ನಿಲ್ಲುತ್ತಿತ್ತು, ಒತ್ತುತ್ತಿರಲಿಲ್ಲ. "ಸಾಕು ಮೇಡಂ," ಎಂದೆ. ಮನೆಯವರು, "ಅರ್ಧ ಗ್ಯಾರಂಟಿ ಅಂದಂಗಾಯ್ತು," ಅಂದರು.

ಇನ್ನು ಲಿಂಗ ಎದೆಗೆ ಹಾಕಿಕೊಳ್ಳಬಹುದು ಎಂದು ಡಾಕ್ಟರ್ ಹೇಳಿದ ದಿನ ಮನೆಗೆ ಬಂದು ಸ್ನಾನ ಮಾಡಿ, ಹೊಸ ಶಿವದಾರದಲ್ಲಿ ಕರಡಿಗೆಯನ್ನು ಎದೆಗೆ ಹಾಕಿಕೊಂಡೆ. ಬೆಳ್ಳಿ ತಣ್ಣಗಿತ್ತು. ಅಡಿಯಲ್ಲಿ ಮೂಳೆ ಗಟ್ಟಿಯಾಗಿ ಸಿಕ್ಕಿತು. ಡಾಕ್ಟರ್ ಹೇಳಿ ಕೇಳಿದ್ದೆನೇ ಹೊರತು ಆ ಮೂಳೆ ಅದುವರೆಗೆ ನನ್ನ ಕೈಗೆ ಸಿಕ್ಕಿರಲಿಲ್ಲ. ಆದರೂ ಆ ದಿನ ಸಂತೋಷಪಡಲು ಧೈರ್ಯ ಸಾಲಲಿಲ್ಲ. ಅದು ಕಾರ್ತಿಕ ಮಾಸ, ಕಾರ್ತಿಕದಲ್ಲಿ ನನಗೆ ಎಂದೂ ಹುಣ್ಣಾದದ್ದಿಲ್ಲ.

ಶಿವರಾತ್ರಿ ಕಳೆಯಿತು. ಬಿಸಿಲು ಬಂತು. ಹೋಳಿ ಹುಣ್ಣಿಮೆಯಾಯಿತು, ಯುಗಾದಿಯಾಯಿತು. ಬೆವರು ಎಂದಿನಂತೆಯೇ ಹರಿಯಿತು, ಆದರೆ ನಿಲ್ಲದೆ ಕೆಳಗಿಳಿದುಹೋಯಿತು. ಬಸವ ಜಯಂತಿಯ ಮಧ್ಯಾಹ್ನ, ಊಟವಾದ ಮೇಲೆ, ಅತ್ತೆ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ತೋರ್ಸು."

ಆಪರೇಷನ್ ಆದ ಮೇಲೆ ಅವರು ಅದನ್ನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ನಾನು ರವಿಕೆಯ ಹುಕ್ಕು ಬಿಚ್ಚಿದೆ. ಅತ್ತೆ ಕನ್ನಡಕ ಹಾಕಿಕೊಂಡು, ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು, ಕರಡಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದರ ಅಡಿಯ ಚರ್ಮವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿ ನೋಡಿದರು. ಬೆರಳಿಗೆ ಏನೂ ಅಂಟಲಿಲ್ಲ. ಇನ್ನೊಮ್ಮೆ ಒರೆಸಿದರು.

"ಹುಣ್ಣಿಲ್ಲ," ಅಂದರು.

"ಇಲ್ಲ ಅತ್ತೆ."

ಕರಡಿಗೆಯನ್ನು ಅದರ ಜಾಗದಲ್ಲಿ ಇಳಿಸಿ, ದಾರವನ್ನು ಬೆರಳಿಗೆ ಸುತ್ತಿ ಬೆಳಕಿಗೆ ಹಿಡಿದರು.

"ದಾರ ನೋಡು, ಎಂಗೆ ಬೆವ್ರು ಕುಡ್ದು ಕಪ್ಪಗಾಗೈತೆ. ಸಂಜೆಗೆ ಬದಲಾಯ್ಸ್ಕೊ," ಎಂದು ಬಾಗಿಲು ತೆಗೆದುಕೊಂಡು ಹೋದರು.